ನುಗ್ಗಬೇಕಾ, ಕಾಯಬೇಕಾ?

ಪ್ರಶ್ನೆ: ಗುರುಗಳೇ, ನಮ್ಮ ಅಳಿಯ ಅಮೆರಿಕದಲ್ಲಿದ್ದಾರೆ. ಊರಿಗೆ ಬಂದಾಗ 2025ರ ಸೂಪರ್ ಬೌಲ್, ಅಂದರೆ ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಪಂದ್ಯವನ್ನು ಲ್ಯಾಪ್‌ಟಾಪ್‌ನಲ್ಲಿ ತೋರಿಸಿದರು. ಈಗಲ್ಸ್ ತಂಡದವರು ನಾಲ್ಕೇ ಜನರನ್ನು ಮುಂದಕ್ಕೆ ಬಿಟ್ಟು, ಉಳಿದ ಏಳು ಜನರನ್ನು ಹಿಂದೆ ನಿಲ್ಲಿಸುತ್ತಿದ್ದರು. ನಾನು ಕಬಡ್ಡಿ ಆಡಿದವನು. ಮೈಮೇಲೆ ಬಿದ್ದು ಹಿಡಿಯೋದೇ ರಕ್ಷಣೆ ಅಂತ ಕಲಿತವನು. ಇದು ಹೆದರಿಕೆಯ ಆಟ ಅಲ್ವಾ?
– ಓದುಗರೊಬ್ಬರು, ಸಿಂಧನೂರು

ಉತ್ತರ: ಹೆದರಿಕೆ ಅಂತ ನನಗೆ ಅನ್ನಿಸಲಿಲ್ಲ. ಆ ಪಂದ್ಯವನ್ನು ಈಗಲ್ಸ್ 40-22ರಿಂದ ಗೆದ್ದಿತು. ಅರ್ಧ ಆಟಕ್ಕೆ 24-0 ಆಗಿತ್ತು. ಹೆದರಿದವರು ಹಾಗೆ ಆಡೋದಿಲ್ಲ.

ಈ ಆಟ ನೋಡದವರಿಗಾಗಿ ಸ್ವಲ್ಪ ಹೇಳುತ್ತೇನೆ. ಒಂದೊಂದು ತಂಡಕ್ಕೆ ಹನ್ನೊಂದು ಜನ. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ, ಅಷ್ಟರಲ್ಲಿ ಹತ್ತು ಯಾರ್ಡ್ ಮುಂದೆ ಹೋಗಬೇಕು. ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಸಾಮಾನ್ಯವಾಗಿ ಅವನ ಮೇಲೆ ನಾಲ್ಕು ಜನ ನುಗ್ಗುತ್ತಾರೆ. ಐದು ಅಥವಾ ಅದಕ್ಕಿಂತ ಜಾಸ್ತಿ ಜನ ನುಗ್ಗಿದರೆ ಅದನ್ನು ಬ್ಲಿಟ್ಜ್ ಅನ್ನುತ್ತಾರೆ. ಮುಂದೆ ಒಬ್ಬ ಹೆಚ್ಚಿದರೆ ಹಿಂದೆ ಚೆಂಡು ಹಿಡಿಯುವವರನ್ನು ಕಾಯೋಕೆ ಒಬ್ಬ ಕಡಿಮೆಯಾಗುತ್ತಾನೆ. ಚೆಂಡು ಬೇಗ ಎಸೆದುಬಿಟ್ಟರೆ ಆ ಖಾಲಿ ಜಾಗಕ್ಕೇ ಬೀಳುತ್ತದೆ.

ಬಳ್ಳಾರಿಯ ಶಾಲೆಯಲ್ಲಿ ಬಹಳ ವರ್ಷ ಪಿಟಿ ಮಾಸ್ತರನಾಗಿದ್ದೆ, ಕಬಡ್ಡಿ ತಂಡ ಕಟ್ಟುತ್ತಿದ್ದೆ. ಕಾರ್ನರ್‌ನಲ್ಲಿರುವ ಹುಡುಗ ರೈಡರ್ ಒಳಗೆ ಬಂದ ಕೂಡಲೇ ಕಾಲಿಗೆ ಹಾರಿದರೆ ಜನ ಶಿಳ್ಳೆ ಹೊಡೆಯುತ್ತಾರೆ. ಹಿಡಿತ ತಪ್ಪಿದರೆ ರೈಡರ್ ಪಾಯಿಂಟ್ ತಗೊಂಡು ನಡುಗೆರೆ ದಾಟಿರುತ್ತಾನೆ. ಇನ್ನೊಬ್ಬ ಹುಡುಗ ರೈಡರ್‌ನನ್ನು ಒಳಗೆ ಬಿಟ್ಟುಕೊಂಡು, ಅವನು ಕಾಲು ಚಾಚುವ ತನಕ ಕಾಯುತ್ತಾನೆ. ಅವನಿಗೆ ಶಿಳ್ಳೆ ಸಿಗೋದು ಕಡಿಮೆ. ನನ್ನ ತಂಡಕ್ಕೆ ಅಂಥ ಹುಡುಗರನ್ನೇ ನಾನು ಹುಡುಕುತ್ತಿದ್ದೆ.

ಈಗಲ್ಸ್ ತಂಡದ ರಕ್ಷಣೆಯ ಕೋಚ್ ವಿಕ್ ಫ್ಯಾಂಜಿಯೋ ಆ ದಿನ ಒಂದೇ ಒಂದು ಸಲವೂ ಬ್ಲಿಟ್ಜ್ ಮಾಡಿಸಲಿಲ್ಲ. ಎದುರಿಗಿದ್ದವನು ಚೀಫ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್. ಐದಾರು ಜನ ನುಗ್ಗಿದರೆ ಖಾಲಿ ಜಾಗವನ್ನು ಕ್ಷಣದಲ್ಲಿ ಕಂಡುಹಿಡಿಯುವ ಆಟಗಾರ. ಅವನಿಗೆ ಆ ಜಾಗವನ್ನೇ ಕೊಡಲಿಲ್ಲ. ಎಲ್ಲಿ ಎಸೆಯಲಿ ಅಂತ ಅವನು ನೋಡುತ್ತಾ ನಿಂತಾಗ ಮುಂದಿನ ನಾಲ್ಕು ಜನ ಬಂದು ಬಿದ್ದರು. ಚೆಂಡು ಎಸೆಯೋ ಮೊದಲೇ ಅವನನ್ನು ಕೆಡವಿದ್ದು ಆರು ಸಲ. ನೀವು ಹೇಳುವ ಮೈಮೇಲೆ ಬೀಳುವ ಆಟ ಅಲ್ಲೂ ಇತ್ತು. ಅದನ್ನು ನಾಲ್ಕೇ ಜನ ಮಾಡಿದರು.

ನುಗ್ಗುವ ಆಟ ತಪ್ಪು ಅಂತ ನಾನು ಹೇಳುತ್ತಿಲ್ಲ. 1985ರ ಶಿಕಾಗೋ ಬೇರ್ಸ್ ತಂಡ ನುಗ್ಗಿಯೇ ಗೆದ್ದಿತು. ಬಡ್ಡಿ ರಯಾನ್ ಅಂತ ಅವರ ರಕ್ಷಣೆಯ ಕೋಚ್. ಎಂಟು ಜನರನ್ನು ಮುಂದೆ ತಂದು ನಿಲ್ಲಿಸುತ್ತಿದ್ದರು. ಯಾರು ನುಗ್ಗುತ್ತಾರೆ, ಯಾರು ನಿಲ್ಲುತ್ತಾರೆ ಅಂತ ಎದುರಾಳಿಗೆ ಗೊತ್ತೇ ಆಗುತ್ತಿರಲಿಲ್ಲ. 1986ರ ಜನವರಿಯ ಸೂಪರ್ ಬೌಲ್‌ನಲ್ಲಿ ಪೇಟ್ರಿಯಟ್ಸ್ ತಂಡವನ್ನು 46-10ರಿಂದ ಸೋಲಿಸಿದರು. ಪೇಟ್ರಿಯಟ್ಸ್‌ನವರು ಚೆಂಡು ಹಿಡಿದು ಓಡಿ ಗಳಿಸಿದ್ದು ಇಡೀ ಪಂದ್ಯದಲ್ಲಿ ಬರೀ 7 ಯಾರ್ಡ್!

ಆ ಬೇರ್ಸ್ ತಂಡ ಆ ಸೀಸನ್‌ನಲ್ಲಿ ಒಂದೇ ಪಂದ್ಯ ಸೋತಿತು. ಡಿಸೆಂಬರ್ 2ರಂದು ಮಯಾಮಿಯಲ್ಲಿ, 38-24. ಮಯಾಮಿಯ ಕ್ವಾರ್ಟರ್‌ಬ್ಯಾಕ್ ಡ್ಯಾನ್ ಮರೀನೋ. ಚೆಂಡು ಕೈಗೆ ಬಂತು ಅನ್ನುವಷ್ಟರಲ್ಲಿ ಎಸೆದುಬಿಟ್ಟಿರುತ್ತಿದ್ದ. ಅವನನ್ನು ಮುಟ್ಟೋಕೆ ಓಡಿ ಬಂದವರು ಬಂದಷ್ಟೂ ಹಿಂದೆ ಜಾಗ ಖಾಲಿ. ಅದಕ್ಕೇ ನಾನು ಎಷ್ಟು ಜನ ನುಗ್ಗಿದರು ಅಂತ ಎಣಿಸೋಕೆ ಹೋಗೋದಿಲ್ಲ. ಎಸೆಯುವವನ ಕೈಯಲ್ಲಿ ಚೆಂಡು ಎಷ್ಟು ಹೊತ್ತು ಇತ್ತು ಅಂತ ನೋಡುತ್ತೇನೆ.

ಪ್ರಶ್ನೆ: ಗೆಲ್ಲೋ ಹೊತ್ತಿಗೆ ತುಂಬಾ ತಂಡಗಳು ಎಲ್ಲರನ್ನೂ ಹಿಂದಕ್ಕೆ ಕರೆದುಕೊಳ್ಳುತ್ತವೆ. ಇದು ಸರೀನಾ?
– ಕಾಲೇಜು ವಿದ್ಯಾರ್ಥಿನಿ, ಕುಷ್ಟಗಿ

ಉತ್ತರ: ಇಲ್ಲಮ್ಮಾ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಉದ್ದದ ಎಸೆತ ಒಂದನ್ನು ತಡೆದರೆ ಸಾಕು ಅಂತ ದೂರ ಹೋಗಿ ನಿಲ್ಲೋದಕ್ಕೆ ಪ್ರಿವೆಂಟ್ ಡಿಫೆನ್ಸ್ ಅನ್ನುತ್ತಾರೆ. ಸಮಯ ಇಷ್ಟೇ ಇದೆ, ಎದುರಾಳಿ ಇಡೀ ಮೈದಾನ ದಾಟಲೇಬೇಕು ಅಂದರೆ ಅದಕ್ಕೆ ಅರ್ಥ ಇದೆ. ಆದರೆ ಫೀಲ್ಡ್ ಗೋಲ್ ಒಂದು, ಅಂದರೆ ಚೆಂಡನ್ನು ಕಂಬಗಳ ನಡುವೆ ಒದ್ದು ಪಡೆಯುವ ಮೂರು ಪಾಯಿಂಟ್, ಸಾಕು ಅಂದಾಗ?

2022ರ ಜನವರಿ 23. ಬಫಲೋ ಬಿಲ್ಸ್ ತಂಡ ಚೀಫ್ಸ್ ವಿರುದ್ಧ 36-33ರಿಂದ ಮುಂದಿತ್ತು. ಉಳಿದಿದ್ದು 13 ಸೆಕೆಂಡ್. ಚೀಫ್ಸ್‌ಗೆ ಬೇಕಿದ್ದದ್ದು ಸಮ ಮಾಡಲು ಮೂರು ಪಾಯಿಂಟ್. ಗಡಿಯಾರ ನಿಲ್ಲಿಸೋಕೆ ಟೈಮ್‌ಔಟ್‌ಗಳೂ ಇದ್ದವು. ಬಿಲ್ಸ್ ರಕ್ಷಕರು ದೂರ ದೂರ ನಿಂತರು, ನಡು ಮೈದಾನ ಬಿಟ್ಟುಕೊಟ್ಟರು. ಒಂದು ಎಸೆತಕ್ಕೆ 19 ಯಾರ್ಡ್, ಇನ್ನೊಂದಕ್ಕೆ 25. ಆಮೇಲೆ 49 ಯಾರ್ಡ್‌ನಿಂದ ಒದ್ದು ಸಮ ಮಾಡಿಕೊಂಡರು. ಹೆಚ್ಚುವರಿ ಆಟದಲ್ಲಿ ಚೀಫ್ಸ್ 42-36ರಿಂದ ಗೆದ್ದಿತು. ಆ ರಾತ್ರಿ ಬಿಲ್ಸ್ ಆಟಗಾರರು ಎಷ್ಟು ಚೆನ್ನಾಗಿ ಆಡಿದ್ದರು ಗೊತ್ತಾ? ಅವರ ಮುಖ ನೋಡೋಕೆ ಆಗಲಿಲ್ಲ. ಈಗಲ್ಸ್‌ನವರೂ ಹಿಂದೆ ನಿಂತಿದ್ದರು, ಆದರೆ ಎಸೆಯೋಕೆ ಜಾಗ ಇಲ್ಲದ ಹಾಗೆ ನಿಂತಿದ್ದರು. ಬಿಲ್ಸ್ ನಿಂತ ಕಡೆ ಎಸೆಯುವವನಿಗೆ ಯೋಚನೆಯೇ ಬೇಕಾಗಲಿಲ್ಲ.

ಪ್ರಶ್ನೆ: ನುಗ್ಗುತ್ತಾರೋ ಕಾಯುತ್ತಾರೋ ಅಂತ ಟಿವಿಯಲ್ಲಿ ಮೊದಲೇ ತಿಳಿಯುತ್ತದಾ?
– ಓದುಗರೊಬ್ಬರು, ಸಿರುಗುಪ್ಪ

ಉತ್ತರ: ಸ್ವಲ್ಪ ತಿಳಿಯುತ್ತದೆ. ಚೆಂಡು ಆಟಕ್ಕೆ ಬರುವ ಮುಂಚೆ ಕೊನೆಯಲ್ಲಿ ನಿಂತ ಇಬ್ಬರು ಸೇಫ್ಟಿಗಳನ್ನು ನೋಡಿ. ಇಬ್ಬರೂ ದೂರದಲ್ಲಿದ್ದರೆ ಕಾಯುವ ಆಟ ಇರಬಹುದು. ಒಬ್ಬ ಮುಂದೆ ಜಾರಿ ಬಂದರೆ ಬ್ಲಿಟ್ಜ್ ಬರಬಹುದು. ಆದರೆ ಒಳ್ಳೆಯ ಕೋಚ್ ಇದನ್ನೇ ಮರೆಮಾಚುತ್ತಾನೆ. ಡಿಕ್ ಲೆಬೋ 1980ರ ದಶಕದಲ್ಲಿ ಸಿನ್ಸಿನಾಟಿಯಲ್ಲಿದ್ದಾಗ ಬೆಳೆಸಿದ ಜೋನ್ ಬ್ಲಿಟ್ಜ್ ಹಾಗೇ ಇದೆ. ಒಂದು ಕಡೆಯಿಂದ ಅನಿರೀಕ್ಷಿತವಾಗಿ ಒಬ್ಬ ನುಗ್ಗುತ್ತಾನೆ, ನುಗ್ಗಬೇಕಾದ ಇನ್ನೊಬ್ಬ ಹಿಂದೆ ಸರಿಯುತ್ತಾನೆ. 2009ರ ಸೂಪರ್ ಬೌಲ್ ಸಿಕ್ಕರೆ ಮೊದಲ ಅರ್ಧದ ಕೊನೆಯ ಕ್ಷಣ ನೋಡಿ. ಲೆಬೋ ಆಗ ಸ್ಟೀಲರ್ಸ್ ರಕ್ಷಣೆಯ ಕೋಚ್. ಅವರ ಜೇಮ್ಸ್ ಹ್ಯಾರಿಸನ್ ನುಗ್ಗುವವನ ಹಾಗೆ ನಿಂತು, ಹಿಂದೆ ಸರಿದು, ಎದುರಾಳಿ ಕ್ವಾರ್ಟರ್‌ಬ್ಯಾಕ್ ಕರ್ಟ್ ವಾರ್ನರ್ ಎಸೆದ ಚೆಂಡನ್ನು ಕಸಿದು 100 ಯಾರ್ಡ್ ಓಡುತ್ತಾನೆ. ಎರಡನೇ ಸಲ ನೋಡುವಾಗ ಚೆಂಡನ್ನು ಬಿಟ್ಟು ಹ್ಯಾರಿಸನ್‌ನ ಕಾಲುಗಳ ಮೇಲೆ ಕಣ್ಣಿಡಿ.