ಹನ್ನೆರಡು ಹಾಡು ಬೇಡ ಮೇಷ್ಟ್ರೇ, ಕೆಲವೇ ಸಾಕು

ನಮಸ್ಕಾರ ಮೇಷ್ಟ್ರೇ,

ಯುದ್ಧಕಾಲದ ಹಾಡುಗಳನ್ನು ಹೈಸ್ಕೂಲು ಮಕ್ಕಳಿಗೆ ಹೇಗೆ ಪಾಠ ಮಾಡಬಹುದು ಅಂತ ನೀವು ಬರೆದು ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸು ಕಳಿಸಲು ಮನಸ್ಸು ಬರಲಿಲ್ಲ. ವಿಷಯ ಅಷ್ಟು ಚೆನ್ನಾಗಿದೆ.

ಎರಡು ಮಹಾಯುದ್ಧಗಳ ಹನ್ನೆರಡು ಹಾಡು ತಂದಿದ್ದೀರಿ. ಒಂದೊಂದಕ್ಕೆ ಒಂದೊಂದು ಪ್ಯಾರಾ. ಪ್ರತಿ ಪ್ಯಾರಾದ ಕೊನೆಗೂ ಅದೇ ಮಾತು: 'ಈ ಹಾಡು ಸೈನಿಕರಲ್ಲಿ ಹೋರಾಟದ ಕಿಚ್ಚು ಹಚ್ಚಿತು.' ಯಾರಲ್ಲಿ ಹಚ್ಚಿತು, ಹೇಗೆ ಹಚ್ಚಿತು ಅಂತ ಎಲ್ಲೂ ಹೇಳಿಲ್ಲ. ನೀವೇ ಕೊಟ್ಟ ಹಾಡುಗಳು ಕೂಡ ಆ ಮಾತನ್ನು ಒಪ್ಪುವುದಿಲ್ಲ. 'ಟಿಪ್ಪರರಿ'ಯನ್ನೇ ನೋಡಿ. ಅದು 1912ರ ಹಾಡು, ಮೊದಲ ಮಹಾಯುದ್ಧಕ್ಕಿಂತ ಎರಡು ವರ್ಷ ಮುಂಚಿನದು. ಲಂಡನ್ನಿಗೆ ಬಂದ ಐರಿಷ್ ಹುಡುಗನಿಗೆ ತನ್ನ ಊರು ಟಿಪ್ಪರರಿ, ಅಲ್ಲಿ ಬಿಟ್ಟುಬಂದ ಹುಡುಗಿ ನೆನಪಾಗುತ್ತಾರೆ. ಅದರಲ್ಲಿ ಬಂದೂಕಿಲ್ಲ, ಶತ್ರುವೂ ಇಲ್ಲ. 1914ರಲ್ಲಿ ಫ್ರಾನ್ಸಿಗೆ ಬಂದಿಳಿದ ಬ್ರಿಟಿಷ್ ಸೈನಿಕರು ಅದನ್ನೇ ಹಾಡಿಕೊಂಡು ನಡೆದರು. ಕಾದಾಡಲು ಹೊರಟವರು ಮನೆಯ ಹಾಡು ಯಾಕೆ ಹಾಡಿದರು? ಇದನ್ನು ಮಕ್ಕಳ ಮುಂದೆ ಇಟ್ಟು ನೋಡಿ. ಒಂದು ಪೀರಿಯಡ್ ಸಾಲುವುದಿಲ್ಲ.

ಐದನೇ ಪುಟದಲ್ಲಿ ಒಂದು ಸಾಲಿದೆ. ನಿಮ್ಮ ವಿದ್ಯಾರ್ಥಿನಿಯೊಬ್ಬಳು ಕೇಳಿದ್ದು: 'ಸರ್, ಆ ಕಡೆಯವರೂ ಇದನ್ನೇ ಹಾಡ್ತಿದ್ರಾ?' ಒಳ್ಳೆಯ ಪ್ರಶ್ನೆ ಅಂತ ಬರೆದು ಮುಂದಿನ ಹಾಡಿಗೆ ಹೋಗಿಬಿಟ್ಟಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು ಮೇಷ್ಟ್ರೇ. ಇಡೀ ಲೇಖನದ ಜೀವ ಇರುವುದು ಅಲ್ಲಿ.

ಅವಳಿಗೆ ಉತ್ತರವೂ ನಿಮ್ಮ ಪಟ್ಟಿಯಲ್ಲೇ ಇದೆ: 'ಲಿಲಿ ಮರ್ಲೀನ್' ಅನ್ನುವ ಜರ್ಮನ್ ಹಾಡು. ಅದಕ್ಕೆ ನೀವು ಕೊಟ್ಟದ್ದು ಮೂರೇ ಸಾಲು. ಅದರ ಕಥೆ ಎಷ್ಟು ದೊಡ್ಡದು ನೋಡಿ. ಪದ್ಯ ಬರೆದ ಹಾನ್ಸ್ ಲೈಪ್ ಹ್ಯಾಂಬರ್ಗಿನವರು, ನಿಮ್ಮ ಹಾಗೆ ಮೇಷ್ಟ್ರು. 1915ರಲ್ಲಿ ಸೈನ್ಯಕ್ಕೆ ಸೇರಿ ರಷ್ಯಾ ಕಡೆಗೆ ಹೊರಡುವ ಮುಂಚೆ ಬರೆದದ್ದು. ದೀಪದ ಕಂಬದ ಕೆಳಗೆ ಸೈನಿಕನಿಗಾಗಿ ಕಾಯುವ ಹುಡುಗಿ, ಅಷ್ಟೇ ವಿಷಯ. 1938ರಲ್ಲಿ ನಾರ್ಬರ್ಟ್ ಶುಲ್ತ್ಸೆ ರಾಗ ಹಾಕಿದರು. ಮರುವರ್ಷ ಗಾಯಕಿ ಲಾಲೆ ಆಂಡರ್ಸನ್ ಹಾಡಿದ ಗ್ರಾಮಫೋನ್ ಪ್ಲೇಟು ಬಂತು, ಹೆಚ್ಚು ಖರ್ಚಾಗಲಿಲ್ಲ. ಎರಡನೇ ಮಹಾಯುದ್ಧದ ನಡುವೆ, 1941ರಲ್ಲಿ, ಜರ್ಮನರು ಯುಗೊಸ್ಲಾವಿಯಾದ ರಾಜಧಾನಿ ಬೆಲ್‌ಗ್ರೇಡ್ ಹಿಡಿದು, ಅಲ್ಲಿನ ರೇಡಿಯೊದಿಂದ ಈ ಪ್ಲೇಟು ಹಾಕತೊಡಗಿದ ಮೇಲೆ ಎಲ್ಲ ಬದಲಾಯಿತು. ರಾತ್ರಿ ಹತ್ತಕ್ಕೆ ಐದು ನಿಮಿಷ ಇದೆ ಅನ್ನುವಾಗ ಹಾಡು ಬರುತ್ತಿತ್ತು. ಉತ್ತರ ಆಫ್ರಿಕಾದ ಮರಳುಗಾಡಿನಲ್ಲಿ ಜರ್ಮನ್ ಸೇನಾನಿ ರೊಮೆಲ್‌ನ ಸೈನಿಕರು ಕೇಳುತ್ತಿದ್ದರು. ಅವರಿಗೆ ಎದುರಾಗಿ ನಿಂತ ಬ್ರಿಟನ್ನಿನ ಎಂಟನೇ ಸೇನೆಯವರೂ ಅದೇ ಸ್ಟೇಷನ್ ಹಿಡಿದು ಕೇಳುತ್ತಿದ್ದರು. ಹಿಟ್ಲರನ ಪ್ರಚಾರ ಮಂತ್ರಿ ಗೊಬೆಲ್ಸ್‌ಗೆ ಈ ಹಾಡು ಹಿಡಿಸಲಿಲ್ಲ. ತಮ್ಮ ಹುಡುಗರು ಜರ್ಮನ್ ಭಾಷೆಯಲ್ಲಿ ಗುನುಗುವುದು ಬ್ರಿಟಿಷ್ ಅಧಿಕಾರಿಗಳಿಗೂ ಇರಿಸುಮುರಿಸು. ಕೊನೆಗೆ ಇಂಗ್ಲಿಷಿನಲ್ಲೂ ಹಾಡು ಬಂತು. ಎರಡೂ ಕಡೆಯ ದೊಡ್ಡವರು ಒಂದು ಹಾಡಿನ ಬಗ್ಗೆ ತಲೆ ಕೆಡಿಸಿಕೊಂಡರು ಅಂದರೆ ಅದು ಸೈನಿಕರ ಮೇಲೆ ಎಷ್ಟು ಕೆಲಸ ಮಾಡಿರಬೇಕು, ಅಲ್ವಾ? 'ಕಿಚ್ಚು' ಅನ್ನುವ ಪದವೇ ಬೇಕಾಗುವುದಿಲ್ಲ.

ಸಮಾಜದ ಮೇಲಿನ ಪ್ರಭಾವಕ್ಕೆ ಇನ್ನೊಂದು ಜೋಡಿ ಹಾಡು ಸಾಕು, ಅದರಲ್ಲಿ ಮೊದಲನೆಯದು ನಿಮ್ಮ ಪಟ್ಟಿಯಲ್ಲಿಲ್ಲ. 1915ರಲ್ಲಿ ಅಮೆರಿಕದಲ್ಲಿ 'ಐ ಡಿಡಂಟ್ ರೈಸ್ ಮೈ ಬಾಯ್ ಟು ಬಿ ಎ ಸೋಲ್ಜರ್' ಮನೆಮಾತಾಗಿತ್ತು. ಮಗನನ್ನು ಬೆಳೆಸಿದ್ದು ಸಿಪಾಯಿ ಮಾಡುವುದಕ್ಕಲ್ಲ ಅಂತ ತಾಯಿ ಹೇಳುವ ಹಾಡು. 1917ರ ಏಪ್ರಿಲ್‌ನಲ್ಲಿ ಅಮೆರಿಕ ಯುದ್ಧಕ್ಕಿಳಿಯಿತು. ಜನ ಜಾರ್ಜ್ ಕೋಹನ್ನರ 'ಓವರ್ ದೇರ್' ಹಾಡತೊಡಗಿದರು, ಬಂದೂಕು ಹಿಡಿದು ಯುದ್ಧಕ್ಕೆ ನಡಿ ಅಂತ ಹುಡುಗರನ್ನು ಕರೆಯುವ ಹಾಡು. ಎರಡೇ ವರ್ಷದಲ್ಲಿ ಹೀಗೆ. ಎರಡನ್ನೂ ಅಕ್ಕಪಕ್ಕ ಕೇಳಿಸಿ, ನಡುವೆ ಏನಾಯಿತು ಅಂತ ಮಕ್ಕಳೇ ಹುಡುಕಲಿ.

ಮಹಾಯುದ್ಧದ ಹಾಡುಗಳು ಮುಗಿದ ಮೇಲೆ, ಕೊನೆಯಲ್ಲಿ 'ಏ ಮೇರೆ ವತನ್ ಕೆ ಲೋಗೋ' ತಂದಿದ್ದೀರಿ. ಅದನ್ನು ತೆಗೆಯಿರಿ. ಲತಾ ಅವರು ದೆಹಲಿಯಲ್ಲಿ ನೆಹರೂ ಎದುರು ಅದನ್ನು ಹಾಡಿದ್ದು 1963ರ ಜನವರಿ 27ರಂದು, ಚೀನಾ ಜೊತೆ ಯುದ್ಧ ನಿಂತ ಮೇಲೆ. ಅದು ತೀರಿಹೋದವರನ್ನು ನೆನೆಯುವ ಹಾಡು, ಅದಕ್ಕೆ ಬೇರೆ ಲೇಖನವೇ ಬೇಕು.

'ಸಂಗೀತಕ್ಕೆ ಗಡಿಯಿಲ್ಲ' ಅನ್ನುವ ಮೊದಲ ಪುಟವನ್ನೂ ಬಿಡಿ. ಆ ಜಾಗದಲ್ಲಿ ನಿಮ್ಮ ತರಗತಿಯನ್ನು ತನ್ನಿ. ಹಾಡು ಮೊದಲು ಕೇಳಿಸಿದಿರಾ, ಕಥೆ ಮೊದಲು ಹೇಳಿದಿರಾ? ಭಾಷೆ ಬಾರದ ಹಾಡನ್ನು ಮಕ್ಕಳು ಹೇಗೆ ಕೇಳಿದರು? ಯಾರಾದರೂ ನಕ್ಕರಾ? ಇದನ್ನು ಪಾಠ ಮಾಡಬೇಕೆನ್ನುವ ಬೇರೆ ಮೇಷ್ಟ್ರುಗಳಿಗೆ ಬೇಕಾಗುವುದು ಇದೇ. ನಾಲ್ಕು ಪುಟ ಸಾಕು. ತಿದ್ದಿ ಕಳಿಸಿ, ನಾನೇ ಓದುತ್ತೇನೆ.

ಇಂತಿ,
ಸಂಪಾದಕ