ಲೇಲ್ಯಾಂಡ್ ಅನ್ನೋ ಕಂಪನಿ ಏನಾಯ್ತು?

ಪ್ರಶ್ನೆ: ಸರ್, ನಮ್ಮೂರಲ್ಲಿ ಕಲ್ಲು ತುಂಬೋಕೆ ಬರುವ ಲಾರಿಗಳಲ್ಲಿ ಅಶೋಕ್ ಲೇಲ್ಯಾಂಡ್ ಬಹಳ. ಆ ಲೇಲ್ಯಾಂಡ್ ಒಂದು ಕಾಲಕ್ಕೆ ಇಂಗ್ಲೆಂಡಿನಲ್ಲೇ ದೊಡ್ಡ ಕಾರು ಕಂಪನಿ ಆಗಿತ್ತಂತೆ. ಮತ್ತೆ ಮುಳುಗಿದ್ದು ಹೇಗೆ? ಬರೀ ಮುಷ್ಕರದಿಂದ ಅಂತ ನಮ್ಮ ಕಾಕಾ ವಾದ ಮಾಡ್ತಾರೆ.
— ಓದುಗರು, ಶಹಾಬಾದ್, ಕಲಬುರಗಿ ಜಿಲ್ಲೆ

ಉತ್ತರ: ಕಾಕಾ ಹೇಳೋದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಲೇಲ್ಯಾಂಡ್ ಅನ್ನೋದು ಇಂಗ್ಲೆಂಡಿನ ಲ್ಯಾಂಕಾಶೈರಿನ ಒಂದು ಊರು. ಅಲ್ಲಿನ ಕಂಪನಿ ಲಾರಿ, ಬಸ್ಸು ಮಾಡಿ ಚೆನ್ನಾಗಿಯೇ ದುಡಿಯುತ್ತಿತ್ತು. ನಮ್ಮಲ್ಲಿ 1948ರಲ್ಲಿ ಆಸ್ಟಿನ್ ಕಾರು ಜೋಡಿಸೋಕೆ ಅಂತ ಶುರುವಾದ ಅಶೋಕ್ ಮೋಟಾರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಗಿದ್ದು ಈ ಲಾರಿ ಕಂಪನಿ ಬಂಡವಾಳ ಹಾಕಿದ್ದರಿಂದ.

ಆ ಕಡೆ ಇಂಗ್ಲೆಂಡಿನ ಕಾರು ಕಂಪನಿಗಳಾದ ಆಸ್ಟಿನ್, ಮಾರಿಸ್ ಎರಡೂ 1952ರಲ್ಲೇ ಒಂದಾಗಿ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಆಗಿದ್ದವು. 1959ರಲ್ಲಿ ಅವರ ಮಿನಿ ಕಾರು ಬಂತು, ಜನ ಮುಗಿಬಿದ್ದು ಕೊಂಡರು, ಆದರೆ ಫೋರ್ಡ್ ಕಂಪನಿಯವರು ಒಂದು ಮಿನಿ ತಂದು ಪೂರ್ತಿ ಬಿಚ್ಚಿ ಲೆಕ್ಕ ಹಾಕಿದರೆ ಒಂದೊಂದು ಕಾರಿಗೂ ಸುಮಾರು 30 ಪೌಂಡ್ ನಷ್ಟ ಅಂತ ಬಂತು! ಇಂಥ ಮನೆಯನ್ನು ಉಳಿಸೋಕೆ 1968ರಲ್ಲಿ ಬ್ರಿಟನ್ ಪ್ರಧಾನಿ ವಿಲ್ಸನ್ ಅವರ ಸರ್ಕಾರವೇ ಮುಂದೆ ನಿಂತು ಲೇಲ್ಯಾಂಡ್ ಜೊತೆ ಗಂಟು ಹಾಕಿಸಿತು. ಅದೇ ಬ್ರಿಟಿಷ್ ಲೇಲ್ಯಾಂಡ್. ಆಗ ಬ್ರಿಟನ್ನಿನಲ್ಲಿ ಮಾರಾಟವಾಗುತ್ತಿದ್ದ ಕಾರುಗಳಲ್ಲಿ ಸುಮಾರು 40% ಅವರದೇ.

ಸೇರಿಸಿದ್ದೇನೋ ಆಯ್ತು, ಒಳಗೆ ಒಂದಾಗಲೇ ಇಲ್ಲ. ಅವರದೇ ಎರಡು ಕಾರು, ರೋವರ್ 2000, ಟ್ರಯಂಫ್ 2000 ನೋಡಿ. ಎರಡೂ 1963ರಲ್ಲಿ ಬಂದವು, ಎರಡಕ್ಕೂ ಒಂದೇ ಥರದ ಗಿರಾಕಿ. ಒಂದೇ ಕಂಪನಿ ಆದ ಮೇಲೂ ಬೇರೆ ಬೇರೆ ಎಂಜಿನ್ ಹಾಕಿಕೊಂಡು ವರ್ಷಗಟ್ಟಲೆ ಒಂದರ ವ್ಯಾಪಾರ ಇನ್ನೊಂದು ಕಿತ್ತುಕೊಂಡವು. 1973ರ ಆಲೆಗ್ರೋ ಕಾರಿಗೆ ದುಂಡಗಿನ ಸ್ಟೀರಿಂಗ್ ಬಿಟ್ಟು ಮೂಲೆ ಸವೆಸಿದ ಚೌಕದಂಥದ್ದು ಕೂರಿಸಿದರು, ಜನ ಒಪ್ಪಲಿಲ್ಲ, ಮತ್ತೆ ದುಂಡಗಿನದೇ ಬಂತು. ಲಾರಿಯಲ್ಲಿ ದುಡಿದ ದುಡ್ಡೆಲ್ಲ ಕಾರಿನ ನಷ್ಟಕ್ಕೆ ಸುರಿದು ಹೊಸ ಲಾರಿ ಮಾಡೋಕೇ ಕಾಸಿಲ್ಲದ ಹಾಗೆ ಮಾಡಿದರಲ್ಲ, ನನಗೆ ಜಾಸ್ತಿ ಸಂಕಟ ಆಗೋದು ಅದಕ್ಕೆ.

ಮುಷ್ಕರ ಜೋರಾಗಿಯೇ ಇತ್ತು. ಒಂದೇ ಕಾರ್ಖಾನೆಯಲ್ಲಿ ಹಲವು ಸಂಘ, ಒಂದು ವಿಭಾಗ ಕೈಕಟ್ಟಿ ಕೂತರೆ ಪೂರ್ತಿ ಲೈನೇ ನಿಲ್ಲುತ್ತಿತ್ತು. ಆದರೆ ಆಲೆಗ್ರೋ ವಿನ್ಯಾಸ ಮಾಡಿದ್ದು ಕಾರ್ಮಿಕರಲ್ಲ ಅಲ್ವಾ? 1975ರಲ್ಲಿ ಕೈ ಖಾಲಿಯಾಗಿ ಸರ್ಕಾರವೇ ಕಂಪನಿಯನ್ನು ವಹಿಸಿಕೊಂಡಿತು. 1977ರಲ್ಲಿ ಕಂಪನಿಯ ಮುಖ್ಯಸ್ಥರಾಗಿ ಬಂದ ಮೈಕಲ್ ಎಡ್ವರ್ಡ್ಸ್ ಕಾರ್ಖಾನೆಗಳನ್ನು ಮುಚ್ಚಿಸಿದರು, 1979ರಲ್ಲಿ ಕಾರ್ಮಿಕ ಮುಖಂಡ ಡೆರೆಕ್ ರಾಬಿನ್ಸನ್ ಅವರನ್ನು ಕೆಲಸದಿಂದ ತೆಗೆದರು. ಆಮೇಲೆ ಬರೀ ಬಿಡಿಬಿಡಿಯಾಗಿ ಮಾರಾಟ. 1984ರಲ್ಲಿ ಇದರೊಳಗಿದ್ದ ಜಾಗ್ವಾರ್ ಬೇರೆಯಾಯಿತು, 1987ರಲ್ಲಿ ಲಾರಿ ವಿಭಾಗ ಡಚ್ಚರ ಡಾಫ್ ಕಂಪನಿಗೆ ಹೋಯಿತು, ಅದೇ ವರ್ಷ ಅಶೋಕ್ ಲೇಲ್ಯಾಂಡಿನ ಪಾಲು ಹಿಂದೂಜಾ ಸಮೂಹದ ಕೈಗೆ ಬಂತು. ಉಳಿದ ಕಾರು ಕಂಪನಿ, ಅಂದ್ರೆ ರೋವರ್, 2000ನೇ ಇಸವಿಯಲ್ಲಿ ಬರೀ 10 ಪೌಂಡಿಗೆ ಕೈ ಬದಲಾಯಿಸಿತು. 2005ರಲ್ಲಿ ಬಾಗಿಲು ಹಾಕಿದಾಗ ಲಾಂಗ್‌ಬ್ರಿಡ್ಜಿನ ಕಾರ್ಖಾನೆಯಲ್ಲಿ ಸುಮಾರು 6,000 ಜನರ ಕೆಲಸ ಹೋಯಿತು.

ಪ್ರಶ್ನೆ: ಈಗ ಕಲಬುರಗಿ ರಸ್ತೆಯಲ್ಲಿ ಕಾಣೋ ಎಂಜಿ ಕಾರು ಅದೇ ಇಂಗ್ಲೆಂಡಿನ ಎಂಜಿನಾ?
— ಓದುಗರು, ಸೇಡಂ

ಉತ್ತರ: ಹೆಸರು ಅದೇ, ಬ್ರಿಟಿಷ್ ಲೇಲ್ಯಾಂಡಿನ ಒಳಗೇ ಇದ್ದದ್ದು. ರೋವರ್ ಮುಳುಗಿದ ಮೇಲೆ ಚೀನಾದವರು ಕೊಂಡರು, ನಮ್ಮಲ್ಲಿ ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗುತ್ತೆ. ಜಾಗ್ವಾರ್, ಲ್ಯಾಂಡ್ ರೋವರ್ 2008ರಿಂದ ಟಾಟಾ ಅವರದು. ನಮ್ಮ ಹಳೇ ಅಂಬಾಸಡರ್ ಕೂಡ ಮೂಲದಲ್ಲಿ ಮಾರಿಸ್ ಆಕ್ಸ್‌ಫರ್ಡ್ ಕಾರೇ.