ಜಜ್ಜಿದಿರೋ, ಕುದಿಸಿದಿರೋ?

ಜೀವಶಾಸ್ತ್ರ ಪಾಠ ಮಾಡಿ ನಿವೃತ್ತಳಾದ ನನ್ನ ಮೇಜಿನ ಮೇಲೆ ಈ ಸಲ ಗಿಡದ ಸಾರದ ಬಗ್ಗೆ ಓದುಗರು ಬರೆದ ಪತ್ರಗಳೇ ಜಾಸ್ತಿ. ಐದಕ್ಕೆ ಉತ್ತರಿಸುತ್ತೇನೆ.

ಪ್ರಶ್ನೆ: ಬೆಳ್ಳುಳ್ಳಿ ಸಾರ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ ಎಂದು ಓದಿ ಪ್ರಾಜೆಕ್ಟ್ ಮಾಡಿದೆವು. ಬ್ಯಾಕ್ಟೀರಿಯಾ ಬೆಳೆಸಿದ ನಮ್ಮ ತಟ್ಟೆಯಲ್ಲಿ ಏನೂ ಆಗಲಿಲ್ಲ. ಪಕ್ಕದ ಗುಂಪಿಗೆ ಸಾರದ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ದೊಡ್ಡ ತಿಳಿ ವೃತ್ತ ಬಂತು. ನಾವು ಎಲ್ಲಿ ತಪ್ಪಿದೆವು? (ಪದವಿ ವಿದ್ಯಾರ್ಥಿನಿ)

ನೀವು ಕಳಿಸಿದ ವರದಿಯನ್ನು ಎರಡು ಸಲ ಓದಿದೆ. ವಿಧಾನದ ಕಡೆ ಇರುವುದು ಒಂದೇ ಸಾಲು: "ಬೆಳ್ಳುಳ್ಳಿಯ ಸಾರವನ್ನು ತಯಾರಿಸಲಾಯಿತು." ಹೇಗಮ್ಮಾ? ಜಜ್ಜಿದಿರೋ, ಅರೆದಿರೋ, ಇಡೀ ಎಸಳನ್ನೇ ಕುದಿಸಿದಿರೋ?

ಕುದಿಸಿದ್ದೀರಿ ಅಂತಲೇ ನನ್ನ ಅನುಮಾನ. ಬ್ಯಾಕ್ಟೀರಿಯಾ ಮೇಲೆ ಕೆಲಸ ಮಾಡುವುದು ಅಲಿಸಿನ್ ಎಂಬ ರಾಸಾಯನಿಕ. 1944ರಲ್ಲಿ ಕವಲಿಟೊ ಮತ್ತು ಬೇಲಿ ಎಂಬ ವಿಜ್ಞಾನಿಗಳು ಅದನ್ನು ಬೇರ್ಪಡಿಸಿದರು. ತಮಾಷೆ ಏನೆಂದರೆ, ಗಾಯವಾಗದ ಎಸಳಿನಲ್ಲಿ ಅಲಿಸಿನ್ ಇಲ್ಲವೆಂದೇ ಹೇಳಬೇಕು. ಅಲ್ಲಿರುವುದು ಅಲಿಯಿನ್ ಎಂಬ ಇನ್ನೊಂದು ರಾಸಾಯನಿಕ. ಅದರಿಂದ ದೂರವಾಗಿ, ಬೇರೆ ಜಾಗದಲ್ಲಿ ಅಲಿಯಿನೇಸ್ ಎಂಬ ಕಿಣ್ವ (ಎನ್‌ಜೈಮ್) ಕೂತಿರುತ್ತದೆ. ಜಜ್ಜಿದಾಗ ಜೀವಕೋಶ ಒಡೆದು ಎರಡೂ ಸೇರುತ್ತವೆ, ಅಲಿಸಿನ್ ಹುಟ್ಟುತ್ತದೆ. ಮೂಗಿಗೆ ಘಾಟು ಹೊಡೆಯುವುದು ಆವಾಗಲೇ. ಇಡೀ ಎಸಳನ್ನು ಕುದಿಯುವ ನೀರಿಗೆ ಹಾಕಿದರೆ ಕಿಣ್ವ ಮೊದಲೇ ಕೆಟ್ಟುಹೋಗುತ್ತದೆ. ಆಮೇಲೆ ಎಷ್ಟು ಅರೆದರೂ ಅಷ್ಟೇ. ಅಲಿಸಿನ್ ಕೂಡ ಜಾಸ್ತಿ ದಿನ ಬಾಳುವುದಲ್ಲ, ಹಳೇ ಸಾರ ಇಟ್ಟುಕೊಂಡು ಪರೀಕ್ಷಿಸಬೇಡಿ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಆ "ತಯಾರಿಸಲಾಯಿತು" ಮೇಲೆ. ಕನ್ನಡದಲ್ಲಿ ಈ ಕೆಲಸಕ್ಕೆ ಎಷ್ಟು ಮಾತುಗಳಿವೆ ನೋಡಿ: ಜಜ್ಜು, ಕುಟ್ಟು, ಅರೆ, ತೇಯು, ನೆನೆಹಾಕು, ಹಿಂಡು, ಸೋಸು, ಬತ್ತಿಸು, ಬಟ್ಟಿ ಇಳಿಸು. ಒಂದೊಂದರಲ್ಲೂ ಸಿಗುವ ಸಾರ ಬೇರೆ. ಬಟ್ಟಿ ಇಳಿಸಿದರೆ ಆವಿಯಾಗುವ ಎಣ್ಣೆ ಸಿಗುತ್ತದೆ, ತೆರೆದ ಪಾತ್ರೆಯಲ್ಲಿ ಬತ್ತಿಸಿದರೆ ಅದೇ ಎಣ್ಣೆ ಗಾಳಿಗೆ ಹೋಗುತ್ತದೆ. ಮಾತನಾಡುವಾಗ "ಜಜ್ಜಿದ್ವಿ ಮೇಡಂ" ಅನ್ನುವ ಹುಡುಗಿ ಬರೆಯುವಾಗ ಅದನ್ನು ಹೊಡೆದುಹಾಕುತ್ತಾಳೆ. ಪಾಠ ಕಲಿಸಿದವರು ನಾವೇ ಅಲ್ವಾ!

ಒಂದು ಕ್ರಿಯಾಪದಕ್ಕೆ ಎಷ್ಟು ಬೆಲೆ ಅನ್ನುವುದಕ್ಕೆ ಚೀನಾದ ವಿಜ್ಞಾನಿ ತು ಯೂಯೂ ಅವರ ಕೆಲಸ ನೋಡಿ. ಅವರು ಹುಡುಕುತ್ತಿದ್ದದ್ದು ಮಲೇರಿಯಾಕ್ಕೆ ಮದ್ದು. ಮಲೇರಿಯಾ ತರುವುದು ಬ್ಯಾಕ್ಟೀರಿಯಾ ಅಲ್ಲ, ಪರೋಪಜೀವಿ. ಆದರೆ ಸಾರ ತೆಗೆಯುವ ಕಷ್ಟ ಅದೇ. ಚಿಂಗ್‌ಹಾವ್ ಗಿಡದ ಸಾರ ಒಮ್ಮೆ ಕೆಲಸ ಮಾಡಿದರೆ ಇನ್ನೊಮ್ಮೆ ಇಲ್ಲ. 4ನೇ ಶತಮಾನದ ವೈದ್ಯ ಗೆ ಹೊಂಗ್ ಚೀನೀ ಭಾಷೆಯಲ್ಲಿ ಬರೆದಿಟ್ಟಿದ್ದನ್ನು ಅವರು ಮತ್ತೆ ಓದಿದರು. ಒಂದು ಹಿಡಿ ಗಿಡವನ್ನು ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿ ಅಂತಿತ್ತು. ಕುದಿಸು ಅಂತ ಇರಲಿಲ್ಲ. ಬಿಸಿಗೆ ಮದ್ದಿನ ಅಂಶ ಕೆಡುತ್ತಿರಬಹುದೇ ಎಂದು ಅವರಿಗೆ ಹೊಳೆದದ್ದು ಅಲ್ಲಿ. ಸುಮಾರು 35 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವ ಈಥರ್ ಎಂಬ ದ್ರವದಲ್ಲಿ ಸಾರ ತೆಗೆದರು. 1971ರಲ್ಲಿ ಇಲಿಗಳ ಮೇಲೆ ಅದು ಫಲಿಸಿತು. ಮಲೇರಿಯಾ ಮದ್ದು ಆರ್ಟಿಮಿಸಿನಿನ್ ಬಂದದ್ದು ಹೀಗೆ. 2015ರಲ್ಲಿ ಅವರಿಗೆ ನೊಬೆಲ್ ಬಂತು.

ವರದಿಯ ಆ ಸಾಲನ್ನು ಹೊಡೆದುಹಾಕಿ, ಮಾಡಿದ್ದನ್ನು ಮಾಡಿದ ಹಾಗೇ ಬರೆಯಿರಿ. ಎಷ್ಟು ಗ್ರಾಂ, ಎಷ್ಟು ನೀರು, ಎಷ್ಟು ಹೊತ್ತು, ಜಜ್ಜಿದ್ದು ಮೊದಲೋ ಕುದಿಸಿದ್ದು ಮೊದಲೋ.

ಪ್ರಶ್ನೆ: ನಮ್ಮ ಒಂದು ಎಲೆಯ ಸಾರಕ್ಕೆ 14 ಮಿ.ಮೀ. ವೃತ್ತ, ಇನ್ನೊಂದಕ್ಕೆ 9. ಮೊದಲನೆಯದೇ ಹೆಚ್ಚು ಶಕ್ತಿಯದು ಅಂತ ಬರೆಯಬಹುದೇ?

ಬೇಡ. ಮೊದಲು ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಕ್ಕಳ ಜೊತೆ ಎಲೆಗಳನ್ನು ಆಲ್ಕೋಹಾಲ್‌ನಲ್ಲಿ ನೆನೆಹಾಕಿ, ಸೋಸಿ, ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ಅಗರ್‌ನಲ್ಲಿ ಕೊರೆದ ಕುಳಿಗಳಿಗೆ ತುಂಬಿದೆ. ಮಾರನೇ ದಿನ ಎಲ್ಲಾ ಕುಳಿಯ ಸುತ್ತಲೂ ಕನ್ನಡಿಯಂಥ ತಿಳಿ ವೃತ್ತ. ತರಗತಿಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಹಿಂದಿನ ಬೆಂಚಿನ ಹುಡುಗನೊಬ್ಬ, "ಬರೀ ಆಲ್ಕೋಹಾಲ್ ಹಾಕಿದ್ರೂ ಹಿಂಗೇ ಆಗುತ್ತಾ ಮೇಡಂ?" ಅಂದ. ಹಾಕಿ ನೋಡಿದೆವು. ಹಾಗೇ ಆಯಿತು. ವಾರದ ಕೆಲಸ ನೀರುಪಾಲು. ಸಾರ ತೆಗೆಯಲು ಬಳಸಿದ ದ್ರಾವಕವನ್ನು ಒಂಟಿಯಾಗಿ ಪರೀಕ್ಷಿಸದೆ ಸಾರದ ಬಗ್ಗೆ ಮಾತಾಡಬಾರದು ಅಂತ ನನಗೆ ಕಲಿಸಿದವನು ಅವನು.

ಇನ್ನು ನಿಮ್ಮ 14 ಮತ್ತು 9. ಸಾರ ಅಗರ್‌ನಲ್ಲಿ ಹರಡುತ್ತಾ ಹೋದ ಹಾಗೆ ತೆಳುವಾಗುತ್ತದೆ. ಎಲ್ಲಿ ತೀರಾ ತೆಳುವಾಯಿತೋ ಅಲ್ಲಿಂದ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದೇ ವೃತ್ತದ ಅಂಚು. ಚಿಕ್ಕ ಅಣು, ನೀರಲ್ಲಿ ಕರಗುವ ಅಣು ದೂರ ಓಡುತ್ತದೆ. ಎಣ್ಣೆಯಂಥದ್ದು ಸಾರ ಹೀರಿಸಿ ಅಗರ್ ಮೇಲಿಟ್ಟ ಕಾಗದದ ಬಿಲ್ಲೆಯ ಹತ್ತಿರವೇ ಕೂರುತ್ತದೆ, ಅದೇ ಹೆಚ್ಚು ಬಲದ್ದಾಗಿದ್ದರೂ. ಬಿಲ್ಲೆಯೇ 6 ಮಿ.ಮೀ. ಇರುತ್ತದೆ, ಅಳತೆಯಲ್ಲಿ ಅದೂ ಸೇರಿದೆ ಅನ್ನುವುದನ್ನು ಮರೆಯಬೇಡಿ. ಹೋಲಿಸಲೇಬೇಕಿದ್ದರೆ ಸಾಲು ಕೊಳವೆಗಳಲ್ಲಿ ಸಾರವನ್ನು ಅರ್ಧರ್ಧ ತೆಳು ಮಾಡುತ್ತಾ ಹೋಗಿ, ಬ್ಯಾಕ್ಟೀರಿಯಾ ಬೆಳೆಯದ ಕೊನೆಯ ಕೊಳವೆ ಯಾವುದು ಅಂತ ನೋಡಿ. ಯಾವ ಬ್ಯಾಕ್ಟೀರಿಯಾ ಅಂತಲೂ ಬರೆಯಿರಿ. 'ಗ್ರಾಂ ನೆಗೆಟಿವ್' ಎಂಬ ಗುಂಪಿನ ಬ್ಯಾಕ್ಟೀರಿಯಾಗಳಿಗೆ ಹೊರಗೊಂದು ಹೆಚ್ಚಿನ ಪೊರೆ ಇದೆ. ಎಷ್ಟೋ ಗಿಡದ ಸಾರ ಅಲ್ಲೇ ತಡೆದು ನಿಲ್ಲುತ್ತದೆ.

ಪ್ರಶ್ನೆ: ತಾಯ್ನುಡಿಯಲ್ಲಿ ಜೀವಶಾಸ್ತ್ರ ಸುಲಭ ಅಂತೀರಿ. 'ದ್ಯುತಿಸಂಶ್ಲೇಷಣೆ' (ಫೋಟೋಸಿಂಥೆಸಿಸ್) ಸುಲಭವೇ?

ಅಲ್ಲ. ನನಗೂ ನಾಲಗೆ ತೊಡರುತ್ತದೆ. 'ವಿಸರಣೆ' (ಡಿಫ್ಯೂಷನ್), 'ಅಭಿಸರಣೆ' (ಆಸ್ಮೋಸಿಸ್) ಎರಡನ್ನೂ ಅದಲುಬದಲು ಮಾಡದ ತರಗತಿಯನ್ನು ನಾನು ಕಂಡಿಲ್ಲ. ಆದರೆ ಅದು ಹೆಸರಿನ ತೊಂದರೆ, ಭಾಷೆಯದ್ದಲ್ಲ. 'ಕಿಣ್ವ' ಎಷ್ಟು ಚಂದ, ಎರಡೇ ಅಕ್ಷರ. ಬ್ಯಾಕ್ಟೀರಿಯಾವನ್ನು ಬ್ಯಾಕ್ಟೀರಿಯಾ ಅಂತಲೇ ಬಿಡಿ, ಎಲ್ಲರಿಗೂ ಗೊತ್ತು. ಆ ತಿಳಿ ವೃತ್ತಕ್ಕೆ 'ಜೋನ್ ಆಫ್ ಇನ್ಹಿಬಿಷನ್' ಅಂತ ಬಾಯಿಪಾಠ ಒಪ್ಪಿಸುತ್ತಿದ್ದ ಒಬ್ಬಳನ್ನು, ವೃತ್ತ ಯಾಕೆ ಅಲ್ಲಿಗೇ ನಿಂತಿತು ಅಂತ ಕೇಳಿದೆ. ಸುಮ್ಮನಾದಳು. ನಿನ್ನ ಮಾತಲ್ಲೇ ಹೇಳು ಅಂದೆ. "ಅಲ್ಲಿಗೆ ಸಾರದ ಕಸುವು ಮುಗೀತು, ಬ್ಯಾಕ್ಟೀರಿಯಾ ಗೆದ್ದವು" ಅಂದಳು. ಪೂರ್ತಿ ಅಂಕ ಕೊಟ್ಟೆ.

ಮನೆಮಾತಿನಲ್ಲೂ ಮೋಸವಿದೆ. 'ನಂಜು' ಅಂದರೆ ವಿಷವೂ ಹೌದು, ಗಾಯ ಕೀವಾಗುವುದೂ ಹೌದು. ವರದಿಯಲ್ಲಿ "ನಂಜು ತಡೆಯಿತು" ಅಂದರೆ ಯಾವುದು?

ಪ್ರಶ್ನೆ: ಗಿಡದ ಹೆಸರನ್ನು ಕನ್ನಡದಲ್ಲೇ ಬರೆದರೆ ಸಾಲದೇ?

ಸಾಲದು. ಬೇವು, ಹೆಬ್ಬೇವು, ಕರಿಬೇವು ಮೂರರಲ್ಲೂ ಬೇವಿದೆ. ಮೊದಲೆರಡು ಮೀಲಿಯೇಸಿ ಕುಟುಂಬದವು, ಕರಿಬೇವು ನಿಂಬೆಯ ನೆಂಟ. 'ಬ್ರಾಹ್ಮಿ' ಇನ್ನೂ ಗೋಜಲು. ಒಬ್ಬರಿಗೆ ಅದು ಒಂದೆಲಗ, ಅಂದರೆ ಸೆಂಟೆಲ್ಲ ಏಷ್ಯಾಟಿಕ. ಇನ್ನೊಬ್ಬರಿಗೆ ನೀರುಬ್ರಾಹ್ಮಿ, ಅಂದರೆ ಬಕೋಪ ಮೊನ್ನಿಯೆರಿ. ಕನ್ನಡ ಹೆಸರು, ವೈಜ್ಞಾನಿಕ ಹೆಸರು ಎರಡೂ ಇರಲಿ. ಒಂದು ಎಲೆ ಒಣಗಿಸಿ ಪುಸ್ತಕಕ್ಕೆ ಅಂಟಿಸಿ.

ಪ್ರಶ್ನೆ: ಪರೀಕ್ಷೆ ಮುಗಿದ ಮೇಲೆ ತಟ್ಟೆ ತೊಳೆದಿಡಬಹುದೇ? (ಪ್ರೌಢಶಾಲೆ ವಿದ್ಯಾರ್ಥಿ)

ಮುಚ್ಚಳ ತೆಗೆಯಲೇಬೇಡ ಮರಿ. ಟೇಪು ಅಂಟಿಸಿದ ಹಾಗೇ ಹೊರಗಿನಿಂದ ಸ್ಕೇಲಿಟ್ಟು ಅಳೆ. ಆಮೇಲೆ ಟೀಚರ್ ಅದನ್ನು ಆಟೋಕ್ಲೇವ್‌ನಲ್ಲಿ, ಅಂದರೆ ಒತ್ತಡದ ಹಬೆಯಿಂದ ಕ್ರಿಮಿ ಕೊಲ್ಲುವ ಪಾತ್ರೆಯಲ್ಲಿ, 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷ ಇಡಲಿ, ತೊಳೆಯುವುದು ಅದಾದ ಮೇಲೆ. ಕೈ ಮಾತ್ರ ಈಗಲೇ ತೊಳೆದುಕೋ.